ಕೆಂಪು ಸಾಲು ಯಾವುದು?

ಇವತ್ತು ಬೆಳಿಗ್ಗೆ ಮತ್ತೆ ಅದೇ ಸಂದೇಶ: ‘ಕೆಂಪು ಬಣ್ಣದ ಸಾಲುಗಳನ್ನು ಮಾತ್ರ ಭರ್ತಿ ಮಾಡಿ, ಮಧ್ಯಾಹ್ನದೊಳಗೆ ಕಳುಹಿಸಿ.’ ನನಗೆ ಕಣ್ಣು ಕಾಣುವುದಿಲ್ಲ ಎಂಬುದು ಆರು ವರ್ಷಗಳಿಂದ ಪಕ್ಕದಲ್ಲೇ ಕುಳಿತವರಿಗೂ ನೆನಪಿರುವುದಿಲ್ಲವೇ?

ನಾನು ಮೌಸ್ ಮುಟ್ಟುವವಳಲ್ಲ. ಎಕ್ಸೆಲ್ ಹಾಳೆಯಲ್ಲಿ ಬಾಣದ ಕೀಲಿ ಒತ್ತುತ್ತಾ ಹೋದಂತೆ, ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಕಿವಿಯಲ್ಲಿ ‘4500, ಬಿ 7’ ಎಂದು, ಅಂದರೆ ಅಂಕಿಯನ್ನೂ ಅದಿರುವ ಕೋಶವನ್ನೂ ಓದುತ್ತದೆ. ಎಫ್2 ಒತ್ತಿ ತಿದ್ದುತ್ತೇನೆ, ಕಂಟ್ರೋಲ್ ಹಿಡಿದು ಹೋಮ್ ಒತ್ತಿ ಮೊದಲಿಗೆ ಮರಳುತ್ತೇನೆ. ಹಾಳೆ ನೆಟ್ಟಗಿದ್ದರೆ ವೇಗದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ.

ನೆಟ್ಟಗಿದ್ದರೆ ತಾನೇ! ಅಂದಕ್ಕೆಂದು ಐದು ಕೋಶಗಳನ್ನು ಒಂದಾಗಿಸಿ ಶೀರ್ಷಿಕೆ ಹಾಕುತ್ತಾರೆ. ಯಾವ ಅಂಕಿ ಯಾವ ಕಾಲಂನದೆಂದು ನಾನು ತಡಕಾಡಬೇಕು. ನಡುನಡುವೆ ಖಾಲಿ ಸಾಲು ಬಿಡುತ್ತಾರೆ. ಕಂಟ್ರೋಲ್ ಹಿಡಿದು ಕೆಳಬಾಣ ಒತ್ತಿದರೆ ಅರ್ಧದಲ್ಲೇ ನಿಲ್ಲುತ್ತದೆ. ಮತ್ತೆ ಮತ್ತೆ ಒತ್ತಿ ಒಮ್ಮೆ ಹೆಚ್ಚಾಯಿತೋ, ಹಾಳೆಯ ಕಟ್ಟಕಡೆಯ 10,48,576ನೇ ಸಾಲಿಗೆ ಎಸೆದುಬಿಡುತ್ತದೆ. ಕೆಲವರಂತೂ ಇಡೀ ಕೋಷ್ಟಕದ ಚಿತ್ರವನ್ನೇ ಅಂಟಿಸುತ್ತಾರೆ. ಚಿತ್ರದಲ್ಲಿರುವ ಅಂಕಿಯನ್ನು ನಾನು ಬಾಣದ ಕೀಲಿ ಒತ್ತಿ ಹೇಗೆ ಓದಲಿ?

ಕೆಂಪು ಬಳಿಯಲು ಪುರುಸೊತ್ತಿದೆ. ಅದರ ಪಕ್ಕದಲ್ಲಿ ‘ಬಾಕಿ’ ಎಂಬ ಎರಡಕ್ಷರ ಬರೆಯಲು ಇಲ್ಲವೇ? ಇವತ್ತೂ 212 ಸಾಲುಗಳನ್ನು ಒಂದೊಂದಾಗಿ ಇನ್ನೊಬ್ಬರಿಂದ ಕೇಳಿ ತುಂಬಿಸಿದ್ದೇನೆ. ಮೂರೂವರೆಗೆ ಕಳುಹಿಸಿದಾಗ ಬಂದ ಉತ್ತರ: ‘ಯಾಕಿಷ್ಟು ತಡ?’