ಸೋಪ್‌ನ ಹಿಂಗೆ ಸಾಯ್ಸಬಾರ್ದಿತ್ತು

ನಿನ್ನೆ ರಾತ್ರಿ ಮಾಡರ್ನ್ ವಾರ್‌ಫೇರ್ ತ್ರೀ ಅನ್ನೋ ವಿಡಿಯೋ ಗೇಮ್ ಮುಗಿಸ್ದೆ. 2011ರದ್ದಲ್ಲ, 2023ರಲ್ಲಿ ಅದೇ ಹೆಸರಿಟ್ಕೊಂಡು ಬಂತಲ್ಲ, ಅದು. ಮುಗೀತು ಅಂತ ನಂಬೋಕೇ ಆಗ್ಲಿಲ್ಲ, ಇನ್ನೊಂದು ಮಿಷನ್ ಇರ್ಬೇಕು ಇರು ಅಂತ ಸ್ಕ್ರೀನ್ ಮುಂದೆ ಹಂಗೇ ಕೂತಿದ್ದೆ, ಹೆಸರುಗಳು ಮೇಲಕ್ಕೆ ಹೋಗ್ತಾನೇ ಇದ್ವು. ಬೆಳಿಗ್ಗೆಯಿಂದ ಅಂಗಡೀಲಿ ಜೆರಾಕ್ಸ್ ಮಷಿನ್ ಮುಂದೆ ನಿಂತು ಇದನ್ನೇ ಯೋಚ್ನೆ ಮಾಡ್ತಾ ಇದೀನಿ, ಸಿಟ್ಟು ಇಳೀತಾನೇ ಇಲ್ಲ, ಅದಕ್ಕೇ ಬರೀತಿದೀನಿ. ಆಡದೇ ಇರೋರು, ಆಡ್ಬೇಕು ಅನ್ಕೊಂಡಿರೋರು ಇಲ್ಲಿಗೇ ನಿಲ್ಸಿಬಿಡ್ರಿ, ಕಥೆ ಪೂರ್ತಿ ಹೇಳ್ತೀನಿ ಮುಂದೆ.

ಆಟ ಬಂದು ಇಷ್ಟು ದಿನ ಆದ್ಮೇಲೆ ಈಗ ಯಾಕೆ ಅಂತೀರಾ? ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕ್ಸೋಕೆ ಈಗ ಕೈಗೂಡ್ತು, ಆಟ ರಿಯಾಯ್ತಿಲಿ ಸಿಕ್ತು, ತಗೊಂಡೆ. ಸುಮಾರು 150 ಜಿಬಿ, ಎರಡು ರಾತ್ರಿ ಡೌನ್‌ಲೋಡ್‌ಗೇ ಬಿಟ್ಟಿದ್ದೆ. ದುಡ್ಡು ಹೋಯ್ತು ಅಂತ ನಂಗೆ ಬೇಜಾರಿಲ್ರಿ. ಅದ್ರಲ್ಲಿ ಸೋಪ್ ಅನ್ನೋ ಸೈನಿಕನ್ನ ಕೊಂದ್ಬಿಟ್ಟಾರೆ. ಕೊಂದಿದ್ದೂ ತಪ್ಪಲ್ಲ, ಕೊಂದ ರೀತಿ ಐತಲ್ಲ, ಅದು ನಂಗೆ ತಡ್ಕೊಳ್ಳೋಕಾಗ್ತಿಲ್ಲ.

ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ತೀನಿ. ಕಾಲ್ ಆಫ್ ಡ್ಯೂಟಿ 2003ರಿಂದ ಬರ್ತಿರೋ ಬಂದೂಕಿನ ಆಟ, ಶುರುವಲ್ಲೆಲ್ಲ ಎರಡನೇ ಮಹಾಯುದ್ಧದ ಕಥೆಗಳು. 2007ರಲ್ಲಿ ಇನ್ಫಿನಿಟಿ ವಾರ್ಡ್‌ನವರು ನಾಲ್ಕನೇ ಭಾಗ ಮಾಡಿದ್ರು, ಮಾಡರ್ನ್ ವಾರ್‌ಫೇರ್ ಅಂತ, ಈಗಿನ ಕಾಲದ ಯುದ್ಧ. ಆಗ ನಾವು ದಾವಣಗೆರೆ ವಿದ್ಯಾನಗರದ ಕಡೆ ಒಂದು ಬೇಸ್‌ಮೆಂಟ್‌ನಲ್ಲಿದ್ದ ಗೇಮಿಂಗ್ ಸೆಂಟರ್‌ಗೆ ಹೋಗ್ತಿದ್ವಿ, ಹಾಸ್ಟೆಲ್ ಹುಡುಗ್ರೆಲ್ಲ ಅಲ್ಲೇ, ನನ್ ಜೊತೆ ಓದಿದ ಅರ್ಧ ಜನ ಈ ಪೋಸ್ಟ್ ಓದ್ತಿರ್ತೀರ, ನಿಮಗೆ ಜಾಗ ಹೇಳೋದೇ ಬೇಡ. ಎಲ್ಲಾರೂ ಲ್ಯಾನ್‌ನಲ್ಲಿ, ಸಿಸ್ಟಮ್‌ಗೆ ಸಿಸ್ಟಮ್ ಜೋಡಿಸ್ಕೊಂಡು, ಒಬ್ಬರಿಗೊಬ್ರು ಹೊಡ್ಕೊಳ್ತಿದ್ರೆ ಮೂಲೆ ಸಿಸ್ಟಮ್‌ನಲ್ಲಿ ಹೆಡ್‌ಫೋನ್ ಹಾಕ್ಕೊಂಡು ನಾನು ಕಥೆ ಆಡ್ತಿದ್ದೆ. ಆ ಚೆರ್ನೋಬಿಲ್ ಹತ್ರದ ಪ್ರಿಪ್ಯಾತ್ ಮಿಷನ್ ನೆನಪೈತಾ? ಹುಲ್ಲಲ್ಲಿ ಬೋರಲು ಮಲ್ಕೊಂಡಿರ್ತೀವಿ, ಮ್ಯಾಕ್‌ಮಿಲನ್ ಕ್ಯಾಪ್ಟನ್ ಅಲ್ಲಾಡ್ಬೇಡ ಅಂತಿರ್ತಾನೆ, ಶತ್ರು ಸೈನಿಕರ ಸಾಲಿಗೆ ಸಾಲೇ ನಮ್ ಪಕ್ಕದಲ್ಲಿ ನಡ್ಕೊಂಡು ಹೋಗತ್ತೆ, ಬೂಟು ಮುಖದ ಮುಂದೇನೇ ಇಡ್ತಾರೆ, ಹಿಂದೆ ಗಾಡಿಗಳು ಬರ್ತಾವೆ. ಗುಂಡು ಹಾರಿಸೋ ಆಟದಲ್ಲಿ ಗುಂಡು ಹಾರಿಸ್ದೇ ಸುಮ್ನೆ ಮಲ್ಕೊಂಡಿರ್ಬೇಕು. ನನ್ ಕುರ್ಚಿ ಹಿಂದೆ ಹುಡುಗ್ರು ನಿಂತ್ಕೊಂಡು ನೋಡ್ತಿದ್ರು, ಯಾರೂ ಮಾತಾಡ್ತಿರ್ಲಿಲ್ಲ. ಕಥೆ ಅಂದ್ರೆ ಏನು ಅಂತ ನಂಗೆ ಗೊತ್ತಾಗಿದ್ದು ಅಲ್ಲಿ.

ಸೋಪ್ ಅನ್ನೋನು ಆ ಆಟದಲ್ಲಿ ಪಡೆಗೆ ಹೊಸದಾಗಿ ಸೇರಿದ ಹುಡುಗ, ಹೆಚ್ಚಿನ ಮಿಷನ್‌ನಲ್ಲಿ ನಾವೇ ಅವನಾಗಿ ಆಡ್ತೀವಿ. ಅವನ ಕ್ಯಾಪ್ಟನ್ ಪ್ರೈಸ್. ಕೊನೇಲಿ ಸೇತುವೆ ಮೇಲೆ ಎಲ್ಲಾರೂ ಬಿದ್ದಿರ್ತಾರೆ, ಜೊತೆಗಾರ ಗ್ಯಾಜ್ ಕಣ್ಮುಂದೇನೇ ಸಾಯ್ತಾನೆ, ಪ್ರೈಸ್ ನೆಲದ ಮೇಲೆ ಬಿದ್ಕೊಂಡೇ ತನ್ನ ಎಂ1911 ಪಿಸ್ತೂಲನ್ನ ಸೋಪ್ ಕಡೆಗೆ ಜಾರಿಸ್ತಾನೆ, ಆ ಪಿಸ್ತೂಲಿಂದ ಸೋಪ್ ಆ ಆಟದ ಖಳನಾಯಕ ಜಾಖೇವ್‌ನ ಹೊಡೀತಾನೆ. ಇದು 2007. 2009ರಲ್ಲಿ ಎರಡನೇ ಭಾಗ ಬಂತು, ಅಷ್ಟೊತ್ತಿಗೆ ಸೋಪೇ ಕ್ಯಾಪ್ಟನ್ ಆಗಿರ್ತಾನೆ, ರಷ್ಯಾದ ಜೈಲಿಂದ ಪ್ರೈಸ್‌ನ ಹೊರಗೆ ತರ್ತಾನೆ, ಅಲ್ಲಿ ಅದೇ ಪಿಸ್ತೂಲನ್ನ ವಾಪಸ್ ಕೈಗೆ ಕೊಡ್ತಾನೆ. ಆ ಭಾಗದ ಕೊನೇಲಿ, ದ್ರೋಹ ಬಗೆದ ಜನರಲ್ ಶೆಫರ್ಡ್ ಸೋಪ್ ಎದೆಗೆ ಚಾಕು ಹಾಕ್ತಾನೆ, ಸೋಪ್ ಆ ಚಾಕು ಕಿತ್ತು ಅವನ ಕಡೆಗೇ ಎಸೀತಾನೆ. ಆ ಕೀಳೋದನ್ನ ಬಟನ್ ಒತ್ತಿ ಒತ್ತಿ ನಮ್ಮ ಕೈಲೇ ಮಾಡ್ಸ್ತಾರೆ, ಬೆರಳು ನೋಯ್ತಿತ್ತು.

2011ರ ಮೂರನೇ ಭಾಗ ಆ ಗಾಯದಿಂದ್ಲೇ ಶುರುವಾಗತ್ತೆ. ಎಲ್ಲಿ ಗೊತ್ತೇನ್ರಿ, ನಮ್ಮ ಹಿಮಾಚಲ ಪ್ರದೇಶದಲ್ಲಿ. ಸೋಪ್‌ಗೆ ಅಲ್ಲಿ ಚಿಕಿತ್ಸೆ ನಡೀತಿರತ್ತೆ. ಮುಂದೆ ಪ್ರಾಗ್ ಊರಲ್ಲಿ ಕಟ್ಟಡದ ಮೇಲಿಂದ ಬಿದ್ದಾಗ ಅದೇ ಹಳೇ ಗಾಯ ಬಿಚ್ಕೊಳ್ಳತ್ತೆ. ಪ್ರೈಸ್ ಅವನ್ನ ಹೊತ್ಕೊಂಡು ಬೀದಿ ಬೀದಿ ಓಡ್ತಾನೆ, ನಾವು ಹಿಂದೆ ಮುಂದೆ ಗುಂಡು ಹಾರಿಸ್ತಾ ಕಾಯ್ತೀವಿ, ಒಂದು ಮನೆ ಒಳಗೆ ತಂದು ಮೇಜಿನ ಮೇಲೆ ಮಲಗಿಸ್ತಾರೆ, ಅಲ್ಲಿ ಪ್ರಾಣ ಹೋಗತ್ತೆ. ಪ್ರೈಸ್ ಆ ಪಿಸ್ತೂಲನ್ನ ತೆಗ್ದು ಸೋಪ್ ಎದೆ ಮೇಲೆ ಇಟ್ಟು ಎದ್ದು ಹೋಗ್ತಾನೆ.

ಒಂದೇ ಪಿಸ್ತೂಲು, ಒಂದೇ ಗಾಯ. ನಾಲ್ಕು ವರ್ಷ ಅದನ್ನ ಕಾಯ್ಕೊಂಡು ಬಂದ್ರು. ಅವತ್ತು ನಾನು ಅತ್ತೆ, ಸೆಂಟರ್‌ನಲ್ಲೇ, ಹೆಡ್‌ಫೋನ್ ತೆಗೀದೇ. ಇವತ್ತಿಗೂ ಅದಕ್ಕೆ ನಾಚ್ಕೆ ಇಲ್ಲ ನಂಗೆ.

ಈಗ 2023ಕ್ಕೆ ಬರ್ರಿ.

2019ರಲ್ಲಿ ಅದೇ ಮಂದಿನ ಇಟ್ಕೊಂಡು ಕಥೆ ಹೊಸದಾಗಿ ಶುರು ಮಾಡಿದ್ರು. ಅದು ಚೆನ್ನಾಗಿತ್ತು, ನಿಜವಾಗ್ಲೂ ಚೆನ್ನಾಗಿತ್ತು. ಲಾಕ್‌ಡೌನ್‌ನಲ್ಲಿ ಕಾಲೇಜಿಲ್ಲ, ಜೆರಾಕ್ಸ್ ಕೇಳೋರಿಲ್ಲ, ಅಂಗಡಿ ಬಾಡ್ಗೆ ಮಾತ್ರ ನಿಲ್ಲಲ್ಲ, ಆ ದಿನಗಳಲ್ಲಿ ರಾತ್ರಿ ನಿದ್ದೆ ಬರ್ದಿದ್ರೆ ಅದನ್ನೇ ಆಡ್ತಿದ್ದೆ. ಇದನ್ನ ಯಾರಿಗೂ ಹೇಳಿರ್ಲಿಲ್ಲ. 2022ರ ಭಾಗದಲ್ಲಿ ಒಂದು ಮಿಷನ್ ಬರತ್ತೆ, ಸೋಪ್‌ಗೆ ಗುಂಡು ತಗುಲಿರತ್ತೆ, ಕೈಲಿ ಒಂದೂ ಆಯುಧ ಇಲ್ಲ, ರಾತ್ರಿ ಮಳೇಲಿ ಮನೆ ಮನೆ ಹೊಕ್ಕು ಸಿಕ್ಕಿದ ಸಾಮಾನಲ್ಲಿ ಏನೋ ಮಾಡ್ಕೊಂಡು ತಪ್ಪಿಸ್ಕೊಂಡು ಹೋಗ್ಬೇಕು, ರೇಡಿಯೋದಲ್ಲಿ ಜೊತೆಗಾರ ಘೋಸ್ಟ್ ದಾರಿ ಹೇಳ್ತಾ, ನಡುನಡುವೆ ಚಟಾಕಿ ಹಾರಿಸ್ತಾ ಅವನ್ನ ಎಚ್ಚರ ಇಟ್ಟಿರ್ತಾನೆ. ಆ ಇಬ್ಬರ ಗೆಳೆತನ ಎಷ್ಟು ಚಂದ ಕಟ್ಟಿದ್ರು! ಅದನ್ನ ನೋಡಿದ್ಮೇಲೆ ಮುಂದಿನ ಭಾಗದ ಮೇಲೆ ಆಸೆ ಇಟ್ಕೊಳ್ದೇ ಇರೋಕಾಗತ್ತಾ?

ಮುಂದಿನ ಭಾಗದಲ್ಲಿ ಒಟ್ಟು 14 ಮಿಷನ್, ಅದ್ರಲ್ಲಿ ಹೆಚ್ಚುಕಮ್ಮಿ ಅರ್ಧ ಓಪನ್ ಕಾಂಬ್ಯಾಟ್ ಮಿಷನ್ ಅಂತ. ಹಂಗಂದ್ರೆ ಒಂದು ದೊಡ್ಡ ಬಯಲಲ್ಲಿ ನಮ್ಮನ್ನ ಬಿಟ್ಬಿಡ್ತಾರೆ, ಅಲ್ಲೊಂದು ಪೆಟ್ಟಿಗೆ ಇಲ್ಲೊಂದು ಪೆಟ್ಟಿಗೆ, ತೆಗ್ದು ಬಂದೂಕು ಹುಡುಕ್ಬೇಕು, ಹೇಳಿದ ಜಾಗಕ್ಕೆ ಹೋಗಿ ಹೇಳಿದ್ದನ್ನ ಮಾಡಿ ವಾಪಸ್ ಬರ್ಬೇಕು. ವಾರ್‌ಜೋನ್ ಅನ್ನೋ ಇವರದೇ ಆನ್‌ಲೈನ್ ಆಟದಲ್ಲಿ ಇರೋ ವೆರ್ಡಾನ್ಸ್ಕ್ ಊರಿನ ಜಾಗಗಳು, ಅದೇ ಅಣೆಕಟ್ಟು. ಜೊತೆಗೆ ಯಾರೂ ಇರಲ್ಲ. ಕಿವೀಲಿ ಬರೀ ದನಿ. ಮ್ಯಾಕ್‌ಮಿಲನ್ ಪಕ್ಕದಲ್ಲಿ ಮಲ್ಕೊಂಡಿದ್ದ ಆಟ ಇದೇನಾ? ಪ್ರೈಸ್ ಮುಂದೆ ಹೋಗಿ ಬಾಗ್ಲು ಒದ್ದು ನಮ್ಮನ್ನ ಕರೀತಿದ್ದ ಆಟ ಇದೇನಾ? ವಿಮಾನದೊಳಗಿನ ಮಿಷನ್ ಒಂದು ಐತೆ, ಶುರುವಾದಾಗ ನೆಟ್ಟಗೆ ಕೂತೆ, ಹೋ ಬಂತು ಈಗ ಅನ್ಕೊಂಡೆ, ಅಷ್ಟ್ರಲ್ಲೇ ಮುಗ್ದೋಯ್ತು.

ಆಮೇಲೆ ಕೊನೆ ಮಿಷನ್. ಲಂಡನ್, ಸುರಂಗ, ಬಾಂಬು. ಸೋಪ್ ಬಾಂಬ್ ನಿಲ್ಸೋಕೆ ಕೂತಿದಾನೆ, ಪಕ್ಕದಲ್ಲಿ ಪ್ರೈಸ್. ಖಳನಾಯಕ ಮಕರೋವ್ ಬರ್ತಾನೆ, ಕೈ ಕೈ ಮಿಲಾಯಿಸ್ತಾರೆ, ಸೋಪ್ ತಲೆಗೆ ಗುಂಡು. ಆಯ್ತು. ಕೂಗೋಕೂ ಟೈಮಿಲ್ಲ. ಮಕರೋವ್ ತಪ್ಪಿಸ್ಕೊಂಡು ಹೋಗ್ತಾನೆ. ಮುಂದಿನ ದೃಶ್ಯದಲ್ಲಿ ಬೆಟ್ಟದ ತುದೀಲಿ ನಿಂತು ಸೋಪ್ ಬೂದಿ ಗಾಳಿಗೆ ಬಿಡ್ತಾರೆ, ಆಟ ಮುಗೀತು. ಹೆಸರುಗಳ ನಡುವೆ ಪ್ರೈಸ್ ಹೋಗಿ ಶೆಫರ್ಡ್‌ನ ಹೊಡ್ದು ಬರ್ತಾನೆ. ಸೋಪ್‌ನ ಕೊಂದೋನು ಮಕರೋವ್, ಅವನು ಆರಾಮಾಗಿದಾನೆ!

ಸಡನ್ನಾಗಿ ಬರೋ ಸಾವೇ ನಿಜವಾದ್ದು, ಯುದ್ಧದಲ್ಲಿ ಹಂಗೇ ಆಗೋದು ಅಂತ ಒಬ್ಬ ಗೆಳೆಯ ಮಧ್ಯಾಹ್ನ ಮೆಸೇಜ್ ಹಾಕಿದ. ಇರ್ಬೋದು. ಹಂಗಾದ್ರೆ ಆ ಸಾವಿನ ನಂತರ ಏನಾದ್ರೂ ಇರ್ಬೇಕಲ್ಲಪ್ಪ? ಘೋಸ್ಟ್ ಏನಾದ? ಪ್ರೈಸ್ ಹೆಂಗೆ ತಡ್ಕೊಂಡ? 2007ರ ಆಟದಲ್ಲೂ ಜಾಕ್ಸನ್ ಅನ್ನೋ ಅಮೆರಿಕನ್ ಸೈನಿಕ ಅಣುಬಾಂಬ್ ಸಿಡಿದ್ಮೇಲೆ ಹಂಗೇ ಸಾಯ್ತಾನೆ, ಆದ್ರೆ ಬಿದ್ದ ಹೆಲಿಕಾಪ್ಟರ್‌ನಿಂದ ತೆವಳ್ಕೊಂಡು ಹೊರಗೆ ಬರೋದನ್ನ ನಮ್ಮ ಕೈಲಿ ಮಾಡ್ಸ್ತಾರೆ, ಎದುರಿಗೆ ಆ ಮೋಡ ತೋರಿಸ್ತಾರೆ, ಏನೂ ಮಾಡೋಕಾಗ್ದೇ ಬೀಳ್ತೀವಿ. ಅದೂ ಸಡನ್ನೇ. ಅದಕ್ಕೊಂದು ಜಾಗ ಕೊಟ್ಟಿದ್ರು.

ನಮ್ಮಪ್ಪ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿ ನಾಟಕ ನೋಡ್ಕೊಂಡು ಬೆಳೆದ ಮನುಷ್ಯ, ದಾವಣಗೆರೇಲಿ ಅವರ ವಯಸ್ಸಿನೋರು ಬಹಳ ಜನ ಹಂಗೇ. ಅವರು ಹೇಳ್ತಿದ್ರು, ನಾಟಕದಲ್ಲಿ ಒಬ್ಬ ಸಾಯ್ಬೇಕಂದ್ರೆ ಮೊದ್ಲು ಅವನ ಕೈಲಿ ಒಂದು ಹಾಡು ಹಾಡ್ಸ್ಬೇಕು, ಒಂದು ಜಗಳ ಆಡ್ಸ್ಬೇಕು, ಗ್ಯಾಲರಿ ಮಂದಿ ಅವನ್ನ ನಮ್ಮೋನು ಅನ್ಬೇಕು, ಆಮೇಲೆ ಸಾಯ್ಸು ಅಂತ. ಗೇಮು ಅಂದ್ರೆ ಏನು ಅಂತ ಅಪ್ಪಂಗೆ ಗೊತ್ತಿರ್ಲಿಲ್ಲ, ಆದ್ರೆ ಇಷ್ಟು ಗೊತ್ತಿತ್ತು. ಕೋಟಿಗಟ್ಲೆ ಡಾಲರ್ ಹಾಕಿ ಆಟ ಮಾಡೋರಿಗೆ ಇದು ಗೊತ್ತಿಲ್ಲ ಅಂತ ನಾನು ನಂಬಲ್ಲ. ಗೊತ್ತೈತೆ. ಟೈಮ್ ಕೊಟ್ಟಿಲ್ಲ, ಅಷ್ಟೇ.

ಲೆಕ್ಕ ನೋಡ್ರಿ. 2022ರ ಭಾಗ ಬಂದಿದ್ದು ಅಕ್ಟೋಬರ್ 28ಕ್ಕೆ, ಇದು ಬಂದಿದ್ದು 2023ರ ನವೆಂಬರ್ 10ಕ್ಕೆ. ವರ್ಷದ ಮೇಲೆ ಎರಡು ವಾರ. ಇದು ಮೊದ್ಲು 2022ರ ಆಟಕ್ಕೆ ಸೇರಿಸೋ ಹೆಚ್ಚುವರಿ ಭಾಗ ಅಂತ ಶುರುವಾಗಿದ್ದು, ಆಮೇಲೆ ಪೂರ್ತಿ ಆಟ ಮಾಡಿದ್ರು ಅಂತ ಬ್ಲೂಮ್‌ಬರ್ಗ್ ವರದಿ ಮಾಡಿತ್ತು, ಸ್ಟುಡಿಯೋದವರು ಹಂಗೇನಿಲ್ಲ, ವರ್ಷಗಟ್ಲೆ ಕೆಲಸ ಮಾಡೀವಿ ಅಂದ್ರು. ಒಳಗೆ ಏನಾಯ್ತೋ, ನನ್ ಮುಂದೆ ಇರೋದು ಆಟ, ಅದ್ರಲ್ಲಿ ಅವಸರ ಕಾಣತ್ತೆ. ಕೆಲಸ ಮಾಡಿದ ಹುಡುಗ್ರ ಮೇಲೆ ನಂಗೆ ಒಂಚೂರೂ ಸಿಟ್ಟಿಲ್ಲ. ಮುಖದ ಮೇಲಿನ ಚರ್ಮ, ನೀರಿನ ಹನಿ, ಬಂದೂಕಿನ ಸದ್ದು, ಎಲ್ಲಾ ಅಚ್ಚುಕಟ್ಟು, ರಾತ್ರಿ ಹಗಲು ಕೂತು ಮಾಡ್ಯಾರೆ ಅಂತ ಗೊತ್ತಾಗತ್ತೆ. ಪ್ರತಿ ವರ್ಷ ನವೆಂಬರ್ ಹೊತ್ತಿಗೆ ಒಂದು ಡಬ್ಬಿ ಅಂಗಡೀಲಿ ಇರ್ಲೇಬೇಕು ಅಂತ ಹಠ ಹಿಡಿದಾರಲ್ಲ ಮೇಲೆ ಕೂತೋರು, ಸಿಟ್ಟು ಅವರ ಮೇಲೆ. 2005ರಿಂದ ಒಂದು ವರ್ಷನೂ ಬಿಟ್ಟಿಲ್ಲ ಅವರು. ಮೂರು ಸ್ಟುಡಿಯೋ ಸರದಿ ಮೇಲೆ ಮಾಡ್ತಿದ್ದಾಗ ಒಬ್ಬೊಬ್ರಿಗೆ ಎರಡು ಮೂರು ವರ್ಷನಾದ್ರೂ ಸಿಗ್ತಿತ್ತು. ಒಂದೇ ಕಥೆಯ ಎರಡು ಭಾಗ ಬೆನ್ನು ಬೆನ್ನಿಗೆ ತಂದ್ರೆ ಬರೆಯೋನು ಯಾವಾಗ ಬರೀಬೇಕು, ತಿದ್ದೋನು ಯಾವಾಗ ತಿದ್ಬೇಕು?

ನಮ್ಮಕ್ಕನ ಮಗ ಪಿಯುಸಿ ಓದ್ತಾನೆ, ಸಂಜೆ ಅಂಗಡಿಗೆ ಬಂದಿದ್ದ, ಅವನ ಹತ್ರನೂ ಇದನ್ನೇ ಹೇಳ್ದೆ. "ಮಾಮ, ಕಥೆ ಯಾರು ಆಡ್ತಾರೆ ಈಗ, ಮಲ್ಟಿಪ್ಲೇಯರ್ ಸೂಪರ್ ಐತೆ, ಅದನ್ನ ಆಡು" ಅಂದ. ಒಪ್ಪಿದೆ, ಮಲ್ಟಿಪ್ಲೇಯರ್, ಅಂದ್ರೆ ಆನ್‌ಲೈನ್‌ನಲ್ಲಿ ಬೇರೆಯೋರ ಜೊತೆ ಆಡೋದು, ಚೆನ್ನಾಗೈತೆ. ಪ್ರಾಣ 100ರಿಂದ 150ಕ್ಕೆ ಏರ್ಸ್ಯಾರೆ, ಒಂದೇಟಿಗೆ ಸಾಯಲ್ಲ, ಓಡೋದು ಜಾರೋದು ಸಲೀಸು, ಮುಂದಿನ ಮ್ಯಾಪ್, ಅಂದ್ರೆ ಹೊಡೆದಾಡೋ ಜಾಗ, ಯಾವ್ದು ಅಂತ ಓಟ್ ಹಾಕ್ಬೋದು. "ಅಲ್ಲಲೇ, ಆ ಮ್ಯಾಪ್ ಯಾವ್ದು ಗೊತ್ತೇನು ನಿಂಗೆ?" ಅಂತ ಕೇಳ್ದೆ. ಬಿಡುಗಡೆ ಆದಾಗ ಕೊಟ್ಟ ಮಾಮೂಲಿ 16 ಮ್ಯಾಪೂ 2009ರ ಆಟದವು. ರಸ್ಟ್, ಟರ್ಮಿನಲ್, ಫವೆಲಾ, ಹೈರೈಸ್, ನಾವು ಬೇಸ್‌ಮೆಂಟ್‌ನಲ್ಲಿ ಆಡಿದ್ವು. ಅವಕ್ಕೆ ಹೊಸ ಬಣ್ಣ ಬಳ್ದು 70 ಡಾಲರ್ ಬೆಲೆ ಇಟ್ರು. ಅಂದ್ರೆ ಆಟದಲ್ಲಿ ಚೆನ್ನಾಗಿರೋ ಭಾಗನೂ ಹಳೇ ಹುಡುಗ್ರು ಟೈಮ್ ತಗೊಂಡು ಮಾಡಿದ್ದೇ.

ಇನ್ನೂ ಒಂದು ಮಾತು, ಬೆಂಗ್ಳೂರಲ್ಲಿ ಕೂತೋರಿಗೆ ಇದು ಅರ್ಥ ಆಗಲ್ಲ. ನಮ್ಮೂರಲ್ಲಿ ಆನ್‌ಲೈನ್ ಆಡೋದು ಅಂದ್ರೆ ಪಿಂಗ್ ಏರಿ ಆಟ ತಡವರಿಸತ್ತೆ, ಕರೆಂಟ್ ಹೋಗತ್ತೆ, ಎದುರಿಗೆ ಇರೋ ಹದಿನೈದು ವರ್ಷದ ಹುಡುಗ ನಾನು ತಿರುಗೋದ್ರೊಳಗೆ ಹೊಡ್ದಿರ್ತಾನೆ. ಒಂಬತ್ತಕ್ಕೆ ಅಂಗಡಿ ಬಾಗ್ಲು ಹಾಕಿ, ಊಟ ಮಾಡಿ, ಮನೆಯೋರೆಲ್ಲ ಮಲಗಿದ್ಮೇಲೆ ಒಂದು ತಾಸು ಸಿಗತ್ತೆ ನಂಗೆ. ಆ ಒಂದು ತಾಸಲ್ಲಿ ನಂಗೆ ಬೇಕಿರೋದು ಕಥೆ. ನಂಥೋರು ಬಹಳ ಜನ ಇದೀವ್ರಿ, ದಾವಣಗೆರೆ, ಹರಿಹರ, ಚಿತ್ರದುರ್ಗ, ಎಲ್ಲಾ ಕಡೆ, ಕೆಲಸ ಮುಗಿಸಿ ಒಬ್ಬೊಬ್ರೇ ಕೂತು ಆಡೋರು. ಈಗ ಆ ಒಬ್ನೇ ಆಡೋ ಕಥೆಗೂ ಇಂಟರ್‌ನೆಟ್ ಇರ್ಲೇಬೇಕು ಅಂತ ಮಾಡ್ಯಾರೆ, ಮಧ್ಯದಲ್ಲಿ ನೆಟ್ ಹೋದ್ರೆ ಪ್ರೈಸೂ ಹೋದ. ನಮ್ಮನ್ನ ಲೆಕ್ಕಕ್ಕೇ ಇಟ್ಕೊಂಡಿಲ್ಲ ಅನ್ನೋಕೆ ಇದಕ್ಕಿಂತ ಬೇರೆ ಏನು ಬೇಕು?

ಬರೀ ಗೇಮು, ಇಷ್ಟು ತಲೆ ಕೆಡಿಸ್ಕೋಬೇಡ ಅಂತ ಮನೇಲೂ ಅಂದ್ರು. ತಲೆ ಕೆಡಿಸ್ಕೋತೀನಿ. ಇಪ್ಪತ್ತು ವರ್ಷದ ಹುಡುಗನಾಗಿದ್ದಾಗಿಂದ ಇವರ ಜೊತೆ ಇದ್ದೀನಿ, ಸೋಪ್ ಹೊಸಬನಾಗಿ ಬಂದಾಗ ನಾನೂ ಕಾಲೇಜಿಗೆ ಹೊಸಬ. ಅವನು ಸಾಯೋದಾದ್ರೆ ಪ್ರಾಗ್‌ನಲ್ಲಿ ಸತ್ತ ಹಂಗೆ ಸಾಯ್ಲಿ, ನಾಲ್ಕು ಜನ ಹೊತ್ಕೊಂಡು ಓಡ್ಲಿ, ಕೊನೇ ಮಾತು ಹೇಳೋಕೆ ಬಿಡ್ಲಿ. ಸುರಂಗದಲ್ಲಿ ಒಂದು ಗುಂಡಿಗೆ ಮುಗಿಸಿ ಮುಂದಿನ ವರ್ಷದ ಆಟಕ್ಕೆ ಜಾಗ ಮಾಡ್ಕೊಂಡ್ರಲ್ಲ, ಇದನ್ನ ನಾನು ಕ್ಷಮಿಸಲ್ಲ.

ಇದೇ ಕಾಲ್ ಆಫ್ ಡ್ಯೂಟಿ ಸರಣಿಯ 2024ರ ಬ್ಲ್ಯಾಕ್ ಆಪ್ಸ್ ಸಿಕ್ಸ್‌ಗೆ ನಾಲ್ಕು ವರ್ಷ ಸಿಕ್ಕಿತ್ತಂತೆ, ಕಥೆ ಚೆನ್ನಾಗೈತೆ ಅಂತ ಆಡಿದೋರು ಹೇಳ್ತಾರೆ. ಆಡ್ತೀನಿ, ಬೆಲೆ ಇಳೀಲಿ. ಅಕ್ಕನ ಮಗ ಹೋಗೋವಾಗ ಕೇಳ್ದ, ಮಾಮ ಹಂಗಾದ್ರೆ ನಾನು ಎಲ್ಲಿಂದ ಶುರು ಮಾಡ್ಲಿ ಅಂತ. 2007ರದ್ದನ್ನ 2016ರಲ್ಲಿ ಹೊಸ ಗ್ರಾಫಿಕ್ಸ್ ಹಾಕಿ ತಂದಾರೆ, ಅದ್ರಿಂದ ಶುರು ಮಾಡು, ಹೆಡ್‌ಫೋನ್ ಹಾಕ್ಕೋ, ಪ್ರಿಪ್ಯಾತ್ ಬಂದಾಗ ಅವಸರ ಮಾಡ್ಬೇಡ, ಅವರು ಮಲ್ಕೋ ಅಂದಾಗ ಮಲ್ಕೋ ಅಂದೆ. ಭಾನುವಾರ ನಮ್ಮನೆಗೆ ಬರ್ತಾನಂತೆ ಆಡೋಕೆ.