96 ಪಾಯಿಂಟ್ ಇದ್ದರೂ ಓಲ್ಡಂ ಎದುರು ನಾವು ಸೋಲುತ್ತೇವೆ ಅನ್ನಿಸುತ್ತಿದೆ

ಯಾರ್ಕ್ ಸಿಟಿ ಅಭಿಮಾನಿಗಳು ಬೇಸರ ಮಾಡಿಕೊಳ್ಳಬೇಡಿ. ಇದು 2025ರ ಮೇ. ಇಂಗ್ಲೆಂಡಿನ ಫುಟ್‌ಬಾಲ್‌ನ ನ್ಯಾಷನಲ್ ಲೀಗಿನಲ್ಲಿ ಓಲ್ಡಂ ಅಥ್ಲೆಟಿಕ್ ಎದುರಿನ ಪ್ಲೇಆಫ್ ಸೆಮಿಫೈನಲ್ ಹತ್ತಿರ ಬಂದಿದೆ, ನನ್ನ ಲೆಕ್ಕದಲ್ಲಿ ನಾವು ಸೋಲುತ್ತೇವೆ. ತಂಡದ ಮೇಲೆ ಸಿಟ್ಟಿದ್ದು ಹೇಳುತ್ತಿರುವ ಮಾತಲ್ಲ ಇದು. 46 ಪಂದ್ಯ ಆಡಿ 96 ಪಾಯಿಂಟ್ ಗಳಿಸಿದ ತಂಡದ ಮೇಲೆ ಯಾವ ಸಿಟ್ಟು? ಇದೇ ಲೀಗಿನಲ್ಲಿ 2018ರಲ್ಲಿ ಮ್ಯಾಕಲ್ಸ್‌ಫೀಲ್ಡ್ 92 ಪಾಯಿಂಟಿಗೆ, 2019ರಲ್ಲಿ ಲೇಟನ್ ಓರಿಯೆಂಟ್ 89ಕ್ಕೆ, 2022ರಲ್ಲಿ ಸ್ಟಾಕ್‌ಪೋರ್ಟ್ 94ಕ್ಕೆ ಚಾಂಪಿಯನ್ ಆಗಿ ಮೇಲಿನ ಲೀಗಿಗೆ ಹೋದವು. ಈ ಸಲ ಬಾರ್ನೆಟ್ 102 ಗಳಿಸಿಬಿಟ್ಟಿತು. ಅದಕ್ಕೇ ನಾವು ಎರಡನೆಯವರು, ಅದಕ್ಕೇ ಈ ಪಂದ್ಯ.

ರಾತ್ರಿ ನಿದ್ದೆಗೆಟ್ಟು ಪ್ರೀಮಿಯರ್ ಲೀಗ್ ನೋಡುವ ಬೆಂಗಳೂರಿನ ಗೆಳೆಯರಿಗೆ ಇದು ಯಾವ ಲೀಗ್ ಅನ್ನಿಸಬಹುದು. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್, ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ, ಒಟ್ಟು 92 ಕ್ಲಬ್. ಅಲ್ಲಿಂದ ಕೆಳಗಿರುವುದೆಲ್ಲ ನಾನ್-ಲೀಗ್. ಅದರ ಮೊದಲ ಮೆಟ್ಟಿಲು, ಒಟ್ಟಾರೆ ಐದನೆಯದು, ನ್ಯಾಷನಲ್ ಲೀಗ್. 24 ತಂಡ ಆಡುತ್ತವೆ, ಮೇಲೆ ಹೋಗುವುದು ಎರಡೇ. ಚಾಂಪಿಯನ್ ನೇರವಾಗಿ ಹೋಗುತ್ತದೆ. ಉಳಿದ ಒಂದು ಜಾಗಕ್ಕೆ ಎರಡರಿಂದ ಏಳನೇ ಸ್ಥಾನದವರೆಗಿನ ಆರು ತಂಡ ಬಡಿದಾಡಬೇಕು. ಮೊದಲ ಸುತ್ತಿನಲ್ಲಿ ನಾಲ್ಕನೆಯವರಿಗೆ ಏಳನೆಯವರು, ಐದನೆಯವರಿಗೆ ಆರನೆಯವರು ಎದುರಾಳಿ. ಎರಡು, ಮೂರನೆಯವರು ನೇರ ಸೆಮಿಫೈನಲ್‌ಗೆ. ಎರಡನೆಯವರ ಪಾಲಿಗೆ ಬರುವುದು ಐದು–ಆರರ ಪಂದ್ಯ ಗೆದ್ದವರು. ಸೆಮಿಫೈನಲ್ ಒಂದೇ ಪಂದ್ಯ, ಮೇಲಿನ ಸ್ಥಾನದವರ ಅಂಗಳದಲ್ಲಿ. ಸಮವಾದರೆ 30 ನಿಮಿಷ ಎಕ್ಸ್‌ಟ್ರಾ ಟೈಮ್, ಆಮೇಲೆ ಪೆನಾಲ್ಟಿ ಶೂಟೌಟ್. ಫೈನಲ್ ವೆಂಬ್ಲಿಯಲ್ಲಿ.

ಐಪಿಎಲ್ ಪ್ಲೇಆಫ್ ಜೊತೆ ಹೋಲಿಸಿ ನೋಡಿ. ಆರ್‌ಸಿಬಿ ಮೊದಲ ಎರಡು ಸ್ಥಾನದಲ್ಲಿ ಮುಗಿಸಲಿ ಅಂತ ಈಗ ಕರ್ನಾಟಕವೆಲ್ಲ ಲೆಕ್ಕ ಹಾಕುತ್ತ ಕೂತಿದೆ. ಯಾಕೆ? ಮೊದಲ ಇಬ್ಬರು ಒಂದು ಪಂದ್ಯ ಸೋತರೂ ಎರಡನೇ ಕ್ವಾಲಿಫೈಯರ್ ಇರುತ್ತದೆ. ಲೀಗ್ ಹಂತದ ದುಡಿಮೆಗೆ ಅಲ್ಲಿ ಕೂಲಿ ಉಂಟು. ನ್ಯಾಷನಲ್ ಲೀಗಿನಲ್ಲಿ ಎರಡನೇ ಸ್ಥಾನಕ್ಕೆ ಸಿಗುವುದು ತವರು ಅಂಗಳ ಮತ್ತು ಒಂದು ಸುತ್ತಿನ ವಿನಾಯಿತಿ. ಸೋತರೆ ಮತ್ತೆ ಆಗಸ್ಟ್, ಮತ್ತೆ 46 ಪಂದ್ಯ.

ಇನ್ನು ಪಾಯಿಂಟ್ ಲೆಕ್ಕ. ಯಾರ್ಕ್ 96, ಐದನೇ ಸ್ಥಾನದ ಓಲ್ಡಂ 73. ಅಂತರ 23. ಪಟ್ಟಿಯಲ್ಲಿ ನೋಡಿದರೆ ಆನೆಗೂ ಆಡಿಗೂ ಇರುವಷ್ಟು ವ್ಯತ್ಯಾಸ. ಅದನ್ನೇ 46 ಪಂದ್ಯಕ್ಕೆ ಹಂಚಿ: ಪಂದ್ಯಕ್ಕೆ ಸರಿಯಾಗಿ ಅರ್ಧ ಪಾಯಿಂಟ್. ಒಂಬತ್ತು ತಿಂಗಳಲ್ಲಿ ಬೆಟ್ಟದಂತೆ ಬೆಳೆದ ಮೇಲುಗೈ ಒಂದು ಸಂಜೆಯ ಮಟ್ಟಿಗೆ ಅಷ್ಟೇ ಉಳಿಯುತ್ತದೆ. ಒಂದು ಕಾರ್ನರ್, ಕಾಲು ಜಾರಿದ ಒಬ್ಬ ಡಿಫೆಂಡರ್ ಸಾಕು, ಆ ಅರ್ಧ ಪಾಯಿಂಟ್ ಮಾಯ. ತವರು ಅಂಗಳದ ಬಲ ಸೇರಿಸಿ ಸೆಮಿಫೈನಲ್ ದಾಟುವ ಸಾಧ್ಯತೆ ನೂರಕ್ಕೆ 60 ಅಂತ ಧಾರಾಳವಾಗಿ ಇಟ್ಟುಕೊಳ್ಳೋಣ, ಫೈನಲ್‌ಗೆ 55. ಎರಡನ್ನೂ ಗುಣಿಸಿದರೆ 33. ಅಂದರೆ ಮೂರರಲ್ಲಿ ಎರಡು ಪಾಲು ನಾವು ಇದೇ ಲೀಗಿನಲ್ಲಿ ಉಳಿಯುತ್ತೇವೆ. ಇದು ನನ್ನ ಅಂದಾಜು, ಒಪ್ಪದವರು ತಮ್ಮ ಸಂಖ್ಯೆ ಹಾಕಿ ಗುಣಿಸಿ ನೋಡಿ.

ಹಳೆಯ ದಾಖಲೆಯೂ ಸಮಾಧಾನ ಕೊಡುವುದಿಲ್ಲ. ಆರು ತಂಡಗಳ ಈ ಪದ್ಧತಿ ಶುರುವಾಗಿದ್ದು 2017–18ರ ಸೀಸನ್‌ನಲ್ಲಿ. ಕಳೆದ ವರ್ಷದವರೆಗಿನ ಏಳು ಸೀಸನ್‌ಗಳಲ್ಲಿ ಎರಡನೇ ಸ್ಥಾನದವರು ಮೇಲೆ ಹೋದದ್ದು ಮೂರೇ ಸಲ: 2018ರಲ್ಲಿ ಟ್ರಾನ್‌ಮಿಯರ್, 2020ರಲ್ಲಿ ಹ್ಯಾರೊಗೇಟ್, 2023ರಲ್ಲಿ ನಾಟ್ಸ್ ಕೌಂಟಿ. 2021ರಲ್ಲಿ ಟಾರ್ಕೀ ಫೈನಲ್‌ವರೆಗೂ ಹೋಗಿ, ಗೋಲ್‌ಕೀಪರ್ ಲೂಕಸ್ ಕೊವೊಲಾನ್ ಕೊನೆ ಗಳಿಗೆಯಲ್ಲಿ ತಾನೇ ಮುಂದೆ ಬಂದು ಗೋಲು ಹೊಡೆದು ಸಮ ಮಾಡಿದರೂ, ಹಾರ್ಟಲ್‌ಪೂಲ್‌ಗೆ ಪೆನಾಲ್ಟಿಯಲ್ಲಿ ಸೋತಿತು. ಉಳಿದ ಮೂವರು ಸೋತದ್ದು ಸೆಮಿಫೈನಲ್‌ನಲ್ಲೇ, ಅದೂ ತಮ್ಮ ಅಂಗಳದಲ್ಲೇ. 2019ರಲ್ಲಿ ಸಾಲಿಹಲ್ ಮೂರ್ಸ್ ಫೈಲ್ಡ್ ಎದುರು 0–1. 2022ರಲ್ಲಿ ರೆಕ್ಸಂ ಗ್ರಿಮ್ಸ್‌ಬಿ ಎದುರು ಎಕ್ಸ್‌ಟ್ರಾ ಟೈಮ್‌ನಲ್ಲಿ 4–5. ಕಳೆದ ವರ್ಷ ಬಾರ್ನೆಟ್ ಸಾಲಿಹಲ್ ಎದುರು 0–4.

ನಾಟ್ಸ್ ಕೌಂಟಿ ಗೆದ್ದಿತಲ್ಲ ಅನ್ನುವವರು ಆ ಪಂದ್ಯವನ್ನು ಸರಿಯಾಗಿ ನೆನಪಿಸಿಕೊಳ್ಳಬೇಕು. ಅವರದು 107 ಪಾಯಿಂಟ್, ಇಡೀ ಸೀಸನ್‌ನಲ್ಲಿ ಮೂರೇ ಸೋಲು, 117 ಗೋಲು, ಅದರಲ್ಲಿ ಮೆಕಾಲಿ ಲ್ಯಾಂಗ್‌ಸ್ಟಾಫ್ ಒಬ್ಬರದೇ 42. ಸೆಮಿಫೈನಲ್‌ನಲ್ಲಿ ಎದುರಿದ್ದದ್ದು 72 ಪಾಯಿಂಟಿನ ಬೋರಂ ವುಡ್. ಅರ್ಧ ಸಮಯಕ್ಕೆ ಕೌಂಟಿ 0–2 ಹಿಂದೆ. ಸಮ ಮಾಡಿದ ಗೋಲು ಬಂದದ್ದು 90 ನಿಮಿಷ ದಾಟಿದ ಮೇಲೆ, ಗೆಲುವಿನ ಗೋಲು 120ನೇ ನಿಮಿಷದಲ್ಲಿ. ಫೈನಲ್‌ನಲ್ಲೂ ಚೆಸ್ಟರ್‌ಫೀಲ್ಡ್ ಎದುರು ಪೆನಾಲ್ಟಿವರೆಗೆ ಹೋಗಬೇಕಾಯಿತು. ಈ ಲೀಗ್ ಕಂಡ ಅತಿ ಒಳ್ಳೆಯ ತಂಡಗಳಲ್ಲಿ ಒಂದಕ್ಕೆ ಆ ಪಾಡು.

ಹೀಗೇಕೆ ಆಗುತ್ತದೆ? ನನಗೆ ಕಾಣುವ ಮೊದಲ ಕಾರಣ ಬಿಡುವು. ಲೀಗ್ ಮೇ 5ಕ್ಕೆ ಮುಗಿಯಿತು. ಸೆಮಿಫೈನಲ್ ಹೊತ್ತಿಗೆ ಯಾರ್ಕ್ ಪಂದ್ಯ ಆಡದೆ ಮೂರು ವಾರಕ್ಕೆ ಹತ್ತಿರವಾಗುತ್ತದೆ. ನಡುವೆ ಓಲ್ಡಂ ತನ್ನ ಬೌಂಡರಿ ಪಾರ್ಕ್‌ನಲ್ಲಿ ಹ್ಯಾಲಿಫ್ಯಾಕ್ಸ್ ತಂಡಕ್ಕೆ 4–0 ಬಡಿದು ಬಿಸಿಯಾಗಿ ಬರುತ್ತಿದೆ. ಬಿಡುವಿನಲ್ಲಿ ಮಂಡಿ ನೋವು, ತೊಡೆಯ ಸೆಳೆತ ವಾಸಿಯಾಗುತ್ತವೆ, ನಿಜ. ಆಟದ ಲಯ ಮಾತ್ರ ತರಬೇತಿಯಲ್ಲಿ ಉಳಿಯುವುದಿಲ್ಲ. ಸಾಮಾನ್ಯವಾಗಿ ತಂಡಗಳು ಮೊದಲ ವಾರ ಪೂರ್ತಿ ವಿಶ್ರಾಂತಿ ಕೊಡುತ್ತವೆ, ಎರಡನೇ ವಾರ ಓಟ, ಮೂರನೇ ವಾರ ಎದುರಾಳಿಗೆ ತಕ್ಕ ಅಭ್ಯಾಸ, ನಡುವೆ ಬಾಗಿಲು ಮುಚ್ಚಿ ಒಂದು ಅಭ್ಯಾಸ ಪಂದ್ಯ. ತನ್ನದೇ ತಂಡದವನ ಕಾಲಿಗೆ ಯಾರೂ ಪೂರ್ತಿ ಜೋರಿನಲ್ಲಿ ಟ್ಯಾಕಲ್ ಹಾಕುವುದಿಲ್ಲ. ಹಾಗಾಗಿ ಎದುರಾಳಿ ಮೈಮೇಲೆ ಬೀಳುವ ಮೊದಲು ಪಾಸ್ ಕೊಡಲು ಸಿಗುವ ಆ ಅರೆಕ್ಷಣದ ಅಂದಾಜು ಸಡಿಲವಾಗಿರುತ್ತದೆ. ಅದು ಕೂಡಿಕೊಳ್ಳಲು ನಿಜವಾದ ಪಂದ್ಯದ 15–20 ನಿಮಿಷ ಬೇಕು. ಆ 20 ನಿಮಿಷವೇ ನನ್ನ ಭಯ.

ಯಾಕೆಂದರೆ ನಮ್ಮ ಮ್ಯಾನೇಜರ್ ಆಡಂ ಹಿನ್‌ಶೆಲ್‌ವುಡ್ ಆಡಿಸುವ ಆಟ ಆ ಅರೆಕ್ಷಣದ ಮೇಲೇ ನಿಂತಿದೆ. ವರ್ದಿಂಗ್‌ನಲ್ಲಿದ್ದಾಗಿನಿಂದ ಅವರದು ಹಿಂದಿನಿಂದ ಚೆಂಡು ಕಟ್ಟಿಕೊಂಡು ಬರುವ ಪದ್ಧತಿ. ಗೋಲ್‌ಕೀಪರ್ ಹತ್ತಿರದ ಡಿಫೆಂಡರ್‌ಗೆ ಕೊಡಬೇಕು, ಅವನು ನಡುವಿನ ಮಿಡ್‌ಫೀಲ್ಡರ್‌ಗೆ, ಅಲ್ಲಿಂದ ಚೆಂಡು ಮುಂದಕ್ಕೆ ತಿರುಗಬೇಕು. ಚೆನ್ನಾಗಿ ನಡೆದಾಗ ಕಣ್ಣಿಗೆ ಹಬ್ಬ, ನಮ್ಮ ಸ್ಟ್ರೈಕರ್ ಓಲಿ ಪಿಯರ್ಸ್‌ಗೆ ಗೋಲಿನ ಮುಂದೆ ಜಾಗ ಸಿಗುವುದೂ ಹೀಗೇ. ಕೆಡುವುದು ಎಲ್ಲಿ ಅಂದರೆ, ಎದುರಾಳಿ ಸ್ಟ್ರೈಕರ್ ಡಿಫೆಂಡರ್ ಕಡೆಗೆ ನೇರವಾಗಿ ಓಡದೆ ಬಿಲ್ಲಿನಂತೆ ಬಾಗಿ ಓಡಿದಾಗ. ಆಗ ನಡುವಿನ ಮಿಡ್‌ಫೀಲ್ಡರ್ ಅವನ ಬೆನ್ನ ಹಿಂದೆ ಮರೆಯಾಗುತ್ತಾನೆ. ಡಿಫೆಂಡರ್‌ಗೆ ಉಳಿಯುವುದು ಗೆರೆಯ ಬದಿಯಲ್ಲಿರುವ ಫುಲ್‌ಬ್ಯಾಕ್ ಒಬ್ಬನೇ. ಅಲ್ಲಿ ಗೆರೆಯೂ ಎದುರಾಳಿಯೂ ಸೇರಿ ಅವನನ್ನು ಇಕ್ಕಟ್ಟಿಗೆ ಹಾಕುತ್ತವೆ, ಗೋಲಿನಿಂದ ಮೂವತ್ತು ಮೀಟರಿನಲ್ಲಿ ಚೆಂಡು ಹೋಗುತ್ತದೆ. ಲೀಗ್ ಪಂದ್ಯದಲ್ಲಿ ಅದು ಒಂದು ಗೋಲು, ಮುಂದಿನ ವಾರ ಸರಿಮಾಡಿಕೊಳ್ಳಬಹುದು. ಇಲ್ಲಿ ಮುಂದಿನ ವಾರ ಇಲ್ಲ.

ಮೊದಲ ಗೋಲು ಓಲ್ಡಂಗೆ ಬಿದ್ದರೆ ಪಂದ್ಯದ ಸ್ವಭಾವವೇ ಬದಲಾಗುತ್ತದೆ. ಆಮೇಲೆ ಅವರಿಗೆ ಮುಂದೆ ಬರುವ ದರ್ದಿಲ್ಲ, ಹತ್ತು ಜನ ಚೆಂಡಿನ ಹಿಂದೆ ನಿಲ್ಲಬಹುದು. ನಾವು ಎರಡೂ ಫುಲ್‌ಬ್ಯಾಕ್‌ಗಳನ್ನು ಮೇಲೆ ಕಳಿಸುತ್ತೇವೆ, ಅವರ ಹಿಂದೆ ಖಾಲಿ ಜಾಗ ಬೀಳುತ್ತದೆ, ಒಂದು ಉದ್ದ ಚೆಂಡಿಗೆ ಎರಡನೇ ಗೋಲು. ಬಾರ್ನೆಟ್ 0–4 ಸೋತದ್ದನ್ನು ನೋಡಿ ತಂಡ ಅಷ್ಟು ಕೆಟ್ಟದಿತ್ತಾ ಅಂತ ಕೇಳಬೇಡಿ, ಅದೇ ಬಾರ್ನೆಟ್ ಈ ವರ್ಷದ ಚಾಂಪಿಯನ್.

ಓಲ್ಡಂ ಕಡೆ ನೋಡಿದರೆ ಚಿಂತೆ ಇನ್ನೂ ಹೆಚ್ಚುತ್ತದೆ. ಇದು 1992ರಲ್ಲಿ ಪ್ರೀಮಿಯರ್ ಲೀಗಿನ ಮೊದಲ ಸೀಸನ್ ಆಡಿದ ಕ್ಲಬ್. 2022ರಲ್ಲಿ ನಾನ್-ಲೀಗ್‌ಗೆ ಬಿತ್ತು; ಪ್ರೀಮಿಯರ್ ಲೀಗ್ ಆಡಿದ ಕ್ಲಬ್ಬೊಂದು ಇಷ್ಟು ಕೆಳಗೆ ಬಿದ್ದದ್ದು ಅದೇ ಮೊದಲು. ಮ್ಯಾನೇಜರ್ ಮಿಕಿ ಮೆಲನ್‌ಗೆ ಈ ದಾರಿ ಗೊತ್ತು. 2018ರಲ್ಲಿ ಟ್ರಾನ್‌ಮಿಯರ್ ತಂಡವನ್ನು ಇದೇ ಪ್ಲೇಆಫ್ ಮೂಲಕ ಮೇಲೆ ಒಯ್ದವರು ಅವರೇ. ಆ ಫೈನಲ್‌ನಲ್ಲಿ ಮೊದಲ ನಿಮಿಷದಲ್ಲೇ ಒಬ್ಬನಿಗೆ ಕೆಂಪು ಕಾರ್ಡ್ ಬಿದ್ದು, ಉಳಿದಷ್ಟೂ ಹೊತ್ತು ಹತ್ತೇ ಜನ ಆಡಿ ಬೋರಂ ವುಡ್ ಎದುರು 2–1 ಗೆದ್ದರು. ಗೆಲುವಿನ ಗೋಲು ಜೇಮ್ಸ್ ನಾರ್ವುಡ್ ತಲೆಯಿಂದ. ಈಗ ನಾರ್ವುಡ್ ಕೂಡ ಓಲ್ಡಂನಲ್ಲೇ ಇದ್ದಾರೆ. ಕಾಲಿನ ವೇಗ ಆಗಿನಷ್ಟು ಇರಲಿಕ್ಕಿಲ್ಲ, ಆದರೆ ಇಂಥ ಪಂದ್ಯದಲ್ಲಿ ಒಂದೇ ಒಂದು ಅವಕಾಶ ಬಂದಾಗ ಕೈಕಾಲು ನಡುಗದ ಆಟಗಾರ ಅಂದರೆ ಇವರೇ. ಜೊತೆಗೆ ಎತ್ತರದ ಮೈಕ್ ಫಾಂಡಾಪ್.

ಕಾರ್ನರ್, ಫ್ರೀಕಿಕ್, ಉದ್ದ ಥ್ರೋ ಬಂದಾಗ ಎತ್ತರದವನು ಚೆಂಡನ್ನು ತಾನೇ ಗೋಲಿಗೆ ಹೊಡೆಯಬೇಕಿಲ್ಲ. ಹತ್ತಿರದ ಕಂಬದ ಬಳಿ ತಲೆ ತಾಗಿಸಿ ಹಿಂದಕ್ಕೆ ಬಿಟ್ಟರೆ ಸಾಕು. ಆರು ಗಜದ ಚೌಕದಲ್ಲಿ ಇಬ್ಬರು ಗೋಲ್‌ಕೀಪರ್‌ನನ್ನು ಒತ್ತಿ ನಿಂತಿರುತ್ತಾರೆ, ಅವನಿಗೆ ಹೊರಬರಲು ಆಗುವುದಿಲ್ಲ. ಈ ಲೀಗಿನಲ್ಲಿ ವಿಎಆರ್, ಅಂದರೆ ವಿಡಿಯೋ ನೋಡಿ ತೀರ್ಪು ತಿದ್ದುವ ವ್ಯವಸ್ಥೆ, ಇಲ್ಲ. ಜೆರ್ಸಿ ಹಿಡಿದೆಳೆದದ್ದು ರೆಫರಿ ಕಣ್ಣಿಗೆ ಬೀಳದಿದ್ದರೆ ಮುಗಿಯಿತು. ಇಂಥ ಪಂದ್ಯಗಳಲ್ಲಿ ಗೋಲು ಹೆಚ್ಚಾಗಿ ಬರುವುದು ಮೊದಲ ಹೆಡರ್‌ನಿಂದಲ್ಲ, ಅದು ಬಡಿದು ಬಾಕ್ಸ್ ಅಂಚಿಗೆ ಬೀಳುವ ಎರಡನೇ ಚೆಂಡಿನಿಂದ. ಅಲ್ಲಿ ನಮ್ಮವನೊಬ್ಬ ನಿಂತಿರಬೇಕು.

ಹಿನ್‌ಶೆಲ್‌ವುಡ್ ಏನು ಮಾಡಿದರೆ ನನ್ನ ಭಯ ಸ್ವಲ್ಪ ಇಳಿಯುತ್ತದೆ? ಮೊದಲ 15 ನಿಮಿಷ ಗೋಲ್ ಕಿಕ್‌ಗಳನ್ನು ನಾಚಿಕೆಪಡದೆ ಉದ್ದಕ್ಕೆ ಹೊಡೆಸಲಿ, ಚೆಂಡು ಕಟ್ಟುವ ಆಟ ಲಯ ಬಂದ ಮೇಲೆ. ನಮ್ಮ ಕಾರ್ನರ್‌ಗಳಿಗೆ ಎಲ್ಲರೂ ಮೇಲೆ ಹೋಗದೆ ಮೂವರು ಹಿಂದೆ ಉಳಿಯಲಿ. 70ನೇ ನಿಮಿಷದಲ್ಲಿ 0–0 ಇದ್ದರೆ ಗ್ಯಾಲರಿಯ ಕೂಗಿಗೆ ಬಗ್ಗಿ ಬದಲಿ ಆಟಗಾರರನ್ನೆಲ್ಲ ಸುರಿದುಬಿಡಬಾರದು, ಎಕ್ಸ್‌ಟ್ರಾ ಟೈಮ್‌ಗೆ ಓಡುವ ಕಾಲು ಎರಡಾದರೂ ಬೇಕು. 2022ರಲ್ಲಿ ಗ್ರಿಮ್ಸ್‌ಬಿ ಮೂರು ಪ್ಲೇಆಫ್ ಪಂದ್ಯಗಳನ್ನೂ ಎಕ್ಸ್‌ಟ್ರಾ ಟೈಮ್‌ನಲ್ಲೇ ಗೆದ್ದು ಮೇಲೆ ಹೋಯಿತು. ಪೆನಾಲ್ಟಿ ಹೊಡೆಯುವ ಏಳು ಜನರ ಕ್ರಮ ಹಿಂದಿನ ದಿನವೇ ಬರೆದಿಟ್ಟಿರಬೇಕು. ಅಲ್ಲಿ ಅಂಗಳದ ನಡುವೆ ಕೈ ಎತ್ತಿದವರಿಗೆ ಚೆಂಡು ಕೊಡುವ ಸ್ಥಿತಿ ಬರಬಾರದು.

ಗ್ಯಾಲರಿಯಲ್ಲಿ ಕೂರುವವರಿಗೂ ಒಂದು ಮಾತು. ನಮ್ಮದು ಸುಮಾರು 8,500 ಜನ ಹಿಡಿಯುವ ಮೈದಾನ, ಕಿಕ್ಕಿರಿದಾಗ ಒಂದು ತಪ್ಪು ಪಾಸ್‌ಗೆ ಹೊರಡುವ ನರಳಾಟ ಆಟಗಾರನ ಕಿವಿಗೆ ನೇರವಾಗಿ ಬಡಿಯುತ್ತದೆ. ಹಿಂದಕ್ಕೆ ಪಾಸ್ ಕೊಟ್ಟಾಗ ಗೊಣಗಬೇಡಿ. ತವರು ಅಂಗಳದ ಬಲ ಹೊರೆಯಾಗಿ ತಿರುಗುವುದು ಅಲ್ಲಿಂದಲೇ.

ನ್ಯಾಯದ ಪ್ರಶ್ನೆಯನ್ನೂ ಎತ್ತಲೇಬೇಕು, ಅದರಲ್ಲಿ ನಮ್ಮ ಕೈಯೂ ಶುದ್ಧವಿಲ್ಲ. 2012ರಲ್ಲಿ ಯಾರ್ಕ್ 83 ಪಾಯಿಂಟಿನೊಂದಿಗೆ ನಾಲ್ಕನೆಯದಾಗಿತ್ತು. ಎರಡನೆಯದು ರೆಕ್ಸಂ, 98 ಪಾಯಿಂಟ್. ರೆಕ್ಸಂ ಸೆಮಿಫೈನಲ್‌ನಲ್ಲಿ ಐದನೇ ಸ್ಥಾನದ ಲೂಟನ್‌ಗೆ ಸೋತಿತು, ನಾವು ಮ್ಯಾನ್ಸ್‌ಫೀಲ್ಡ್ ದಾಟಿ ವೆಂಬ್ಲಿಯಲ್ಲಿ ಲೂಟನ್‌ಗೆ 2–1 ಹೊಡೆದು ಲೀಗ್ ಟೂ ಸೇರಿದೆವು. ಎಂಟು ದಿನದ ಹಿಂದಷ್ಟೇ ಅಲ್ಲೇ ನಾನ್-ಲೀಗ್ ತಂಡಗಳ ಕಪ್ ಆದ ಎಫ್‌ಎ ಟ್ರೋಫಿ ಗೆದ್ದಿದ್ದೆವು. ಆ ಸಂಭ್ರಮ ಇವತ್ತಿಗೂ ನಮ್ಮದೇ. ಆದರೆ 98 ಪಾಯಿಂಟಿನ ತಂಡಕ್ಕೆ ಅಂದು ಆದದ್ದು ಸರಿಯಲ್ಲ, ಇಂದು 96ರ ತಂಡಕ್ಕೆ ಆಗುವ ಸಾಧ್ಯತೆಯೂ ಸರಿಯಲ್ಲ. ಲೀಗ್ ಒನ್‌ನಿಂದ ನಾಲ್ಕು ತಂಡ ಕೆಳಗಿಳಿಯುತ್ತವೆ, ಲೀಗ್ ಟೂನಿಂದ ಮಾತ್ರ ಎರಡೇ. ಈ ವರ್ಷ ನ್ಯಾಷನಲ್ ಲೀಗ್ ಮತ್ತು ಅದರ ಕೆಳಗಿನ ಉತ್ತರ, ದಕ್ಷಿಣ ವಿಭಾಗಗಳ ಒಟ್ಟು 72 ಕ್ಲಬ್‌ಗಳೂ ಸೇರಿ ಮೂವರನ್ನು ಮೇಲೆ ಕಳಿಸಿ ಅಂತ ‘ತ್ರೀ ಅಪ್’ ಅಭಿಯಾನ ಶುರು ಮಾಡಿವೆ. ಮೊದಲ ಇಬ್ಬರು ನೇರವಾಗಿ ಹೋಗಿ, ಮೂರನೇ ಜಾಗಕ್ಕೆ ಪ್ಲೇಆಫ್ ಇದ್ದಿದ್ದರೆ ಯಾರ್ಕ್ ಇವತ್ತು ಲೀಗ್ ಟೂಗೆ ಆಟಗಾರರನ್ನು ಹುಡುಕುತ್ತಿರುತ್ತಿತ್ತು.

2016ರಲ್ಲಿ ಲೀಗ್ ಟೂನಿಂದ ಬಿದ್ದೆವು. ಮರುವರ್ಷವೇ ಆರನೇ ಹಂತಕ್ಕೆ. ಅಲ್ಲಿಂದ ಹತ್ತಿ ಬರಲು 2022 ಆಯಿತು. ಲೀಗ್ ಟೂ ಬಿಟ್ಟು ಈಗ ಒಟ್ಟು ಒಂಬತ್ತು ಸೀಸನ್. ಈ ಸಲ ತಪ್ಪಿದರೆ ಪಿಯರ್ಸ್‌ನಂಥ ಸ್ಟ್ರೈಕರ್ ಮೇಲೆ ಮೇಲಿನ ಲೀಗಿನವರ ಕಣ್ಣು ಬೀಳದೆ ಇರುತ್ತದಾ?

ನನ್ನ ಅಂದಾಜು: ಅರ್ಧ ಸಮಯಕ್ಕೆ ಮುಂಚೆಯೇ ಓಲ್ಡಂ ಒಂದು ಗೋಲು, ಸೆಟ್‌ಪೀಸ್‌ನಿಂದ. ಎರಡನೇ ಅರ್ಧದಲ್ಲಿ ಚೆಂಡೆಲ್ಲ ನಮ್ಮ ಕಾಲಲ್ಲಿ, ಬಾಕ್ಸ್ ಒಳಗೆ ಜಾಗವಿಲ್ಲ. 80ರ ಹೊತ್ತಿಗೆ ಇನ್ನೊಂದು. ಯಾರ್ಕ್ 0, ಓಲ್ಡಂ 2.