ಡಿಸೆಂಬರಿನ ಕಬ್ಬು

ನಮ್ಮ ಮನೆಯಲ್ಲಿ ಸಂಕ್ರಾಂತಿ ಡಿಸೆಂಬರಿನ ಮೂರನೆಯ ವಾರಕ್ಕೇ ಬಂದುಬಿಡುತ್ತದೆ. ಯುಗಾದಿಗೆ ಇಪ್ಪತ್ತು ದಿನ ಇರುವಾಗಲೇ ಒಬ್ಬಟ್ಟಿನ ಸಾರು ಕುದಿದಿರುತ್ತದೆ. ಒಂಟಿಕೊಪ್ಪಲ್ ಪಂಚಾಂಗಕ್ಕೂ ನಮಗೂ ಜಗಳವೇನಿಲ್ಲ. ನನ್ನ ಹೆಂಡತಿ ಯೂಟ್ಯೂಬಿಗೆ ಅಡುಗೆ ವಿಡಿಯೊ ಮಾಡುತ್ತಾಳೆ, ಅಷ್ಟೆ. ಹಬ್ಬದಡುಗೆ ಹಬ್ಬದ ದಿನ ಬಂದರೆ ಯಾರೂ ನೋಡುವುದಿಲ್ಲವಂತೆ.

ಕಳೆದ ಡಿಸೆಂಬರಿನಲ್ಲಿ ಎಳ್ಳುಬೆಲ್ಲದ ಹಿಂದೆ ನಿಲ್ಲಿಸಲು ಕಬ್ಬು ಬೇಕೆಂದಳು. ದೇವರಾಜ ಮಾರುಕಟ್ಟೆಯಲ್ಲಿ ಎರಡು ಸುತ್ತು ಹಾಕಿ, ಕೊನೆಗೆ ಕಬ್ಬಿನ ಹಾಲಿನ ಗಾಡಿಯವನ ಕೈಕಾಲು ಹಿಡಿದು ಎರಡು ಜಲ್ಲೆ ತಂದೆ. ಸೋಗೆ ಇರಲಿಲ್ಲ, ಮೈಯೆಲ್ಲ ಹೆರೆದು ಬೋಳಾಗಿತ್ತು. "ರೀ, ಇದೇನು ಕಬ್ಬೋ ಕೋಲಾಟದ ಕೋಲೋ?" ಎಂದಳು. ಆದರೂ ತುದಿ ಕಾಣದ ಹಾಗೆ ಮರೆಮಾಡಿ ಚಿತ್ರೀಕರಿಸಿದಳು.

ಅಡುಗೆಯೊಂದೇ ಆಗಿದ್ದರೆ ಹೇಗೋ ಸಾಗುತ್ತಿತ್ತು. ರಂಗೋಲಿಗೆ ಬೇರೆಯೇ ಚಾನೆಲ್ ಇದೆ, ಶನಿವಾರ ಸಂಜೆ ನೇರಪ್ರಸಾರವಿದೆ, ಎಣ್ಣೆಯ ಕಂಪನಿಯವರ ಜಾಹೀರಾತು ನಡುವೆ ಬಂದು ಕೂರುತ್ತದೆ. ಉದ್ದದ ವಿಡಿಯೊಗೆ ಮೊಬೈಲು ಅಡ್ಡ ಮಲಗಬೇಕು, ಶಾರ್ಟ್ಸ್‌ಗೆ ನೆಟ್ಟಗೆ ನಿಲ್ಲಬೇಕು. ಹಾಗಾಗಿ ನಮ್ಮಲ್ಲಿ ಒಂದೇ ಗೊಜ್ಜಿಗೆ ಎರಡು ಸಲ ಒಗ್ಗರಣೆ ಸಿಡಿಯುತ್ತದೆ. ಎಂಟು ನಿಮಿಷ ತುಂಬಿದರೆ ವಿಡಿಯೊದ ನಡುವೆ ಜಾಹೀರಾತು ಹಾಕಿಕೊಳ್ಳಬಹುದು ಎಂಬುದು ಯೂಟ್ಯೂಬಿನ ನಿಯಮ. ಏಳೂವರೆ ನಿಮಿಷಕ್ಕೆ ಮುಗಿದ ಗೊಜ್ಜಿಗೆ ಅವಳು ಇಂಗಿನ ಮಹಿಮೆಯನ್ನು ಸೇರಿಸುತ್ತಾಳೆ.

ಧ್ವನಿಯ ಕೆಲಸ ರಾತ್ರಿ ಹನ್ನೊಂದರ ಮೇಲೆ. ಫ್ಯಾನು ನಿಲ್ಲಿಸಿ, ಬೀರುವಿನ ಬಾಗಿಲು ತೆರೆದು, ಸೀರೆಗಳ ನಡುವೆ ತಲೆ ತೂರಿಸಿ "ನಮಸ್ಕಾರ ವೀಕ್ಷಕರೇ" ಎನ್ನುತ್ತಾಳೆ. ಬಟ್ಟೆಗಳು ಪ್ರತಿಧ್ವನಿಯನ್ನು ನುಂಗುತ್ತವಂತೆ. ಇಷ್ಟೊಂದು ಸೀರೆ ಯಾಕೆ ಎಂದು ಕೇಳುವ ಹಕ್ಕು ನನ್ನ ಕೈತಪ್ಪಿದ್ದು ಹೀಗೆ.

ಚಾನೆಲ್ ಹುಟ್ಟಿದ ಹೊಸತರಲ್ಲಿ ಅವಳ ಬಾಯಲ್ಲಿ ಎರಡೇ ಅಂಕಿ: 1000 ಚಂದಾದಾರರು, ವರ್ಷದಲ್ಲಿ 4000 ಗಂಟೆಗಳ ವೀಕ್ಷಣೆ. ಅಷ್ಟಾದರೆ ಜಾಹೀರಾತಿನ ಹಣದಲ್ಲಿ ಪಾಲು. ನಾನು ಲೆಕ್ಕ ಹಾಕಿದೆ. ಒಬ್ಬನೇ ಕುಳಿತು ನೋಡಿದರೆ ಹಗಲೂ ರಾತ್ರಿ ಎವೆಯಿಕ್ಕದೆ ಸುಮಾರು 167 ದಿನ! ನನ್ನ ಪಾಲಿನ ಸೇವೆ ಹನ್ನೊಂದು ಗಂಟೆಯಷ್ಟಾಯಿತು, ಅದರಲ್ಲಿ ಅರ್ಧ ನಿದ್ದೆಯಲ್ಲಿ. ಆಗೆಲ್ಲ ನನಗೆ ನೆನಪಾಗುತ್ತಿದ್ದವನು ಜಾವೇದ್ ಕರೀಮ್. 2005ರ ಏಪ್ರಿಲ್ 23ರಂದು ಯೂಟ್ಯೂಬಿಗೆ ಮೊಟ್ಟಮೊದಲ ವಿಡಿಯೊ ಏರಿಸಿದ ಪುಣ್ಯಾತ್ಮ. ಸ್ಯಾನ್ ಡಿಯೇಗೊ ಮೃಗಾಲಯದ ಆನೆಗಳ ಮುಂದೆ ನಿಂತು ಇವುಗಳ ಸೊಂಡಿಲು ಬಹಳ ಉದ್ದ ಎಂದ. 19 ಸೆಕೆಂಡಿಗೆ ಮಾತು ಮುಗಿಯಿತು. ತನ್ನ ಚಾನೆಲ್‌ಗೆ ಎರಡನೆಯ ವಿಡಿಯೊ ಹಾಕುವ ಗೋಜಿಗೇ ಅವನು ಹೋಗಲಿಲ್ಲ. ಯೂಟ್ಯೂಬ್ ಕಟ್ಟಿದ ಮೂವರಲ್ಲಿ ಒಬ್ಬ. ಮುಂದಿನದೆಲ್ಲ ಗೊತ್ತಿತ್ತೋ ಏನೋ.

ಅಮ್ಮನ ತಕರಾರು ಬೇರೆ. ದೇವರಿಗಿಂತ ಮೊದಲು ಕ್ಯಾಮೆರಾಗೆ ನೈವೇದ್ಯವಾಗುತ್ತಿದೆ ಎಂದು ಆಕೆ ಎರಡು ದಿನ ಮಾತು ಬಿಟ್ಟಿದ್ದರು. ದೇವರ ಮನೆಗೆ ಹೋಗಿ ಬರುವಷ್ಟರಲ್ಲಿ ಒಬ್ಬಟ್ಟಿನ ಹಬೆ ಆರುತ್ತದೆ ಎಂದು ಸೊಸೆಯ ವಾದ. ಈಗ ಒಲೆಯ ಪಕ್ಕದಲ್ಲೇ, ಕ್ಯಾಮೆರಾದ ಕಣ್ಣಿಗೆ ಬೀಳದಷ್ಟು ದೂರದಲ್ಲಿ, ಅಂಗೈಯಗಲದ ಗಣಪತಿ ಕುಳಿತಿದ್ದಾನೆ. ಹಬೆಯೂ ಉಳಿಯಿತು, ಮಡಿಯೂ ಉಳಿಯಿತು.

ನಿಜವಾದ ಸಂಕ್ರಾಂತಿಯ ಬೆಳಿಗ್ಗೆ ನಮ್ಮಲ್ಲಿ ಅನ್ನ ಮತ್ತು ತಿಳಿಸಾರು. ಅವಳು ಒಂದು ಕೈಯಲ್ಲಿ ವೀಕ್ಷಕರಿಗೆ ಉತ್ತರ ಬರೆಯುತ್ತ ಇನ್ನೊಂದು ಕೈಯಲ್ಲಿ ಶಿವರಾತ್ರಿಯ ತಂಬಿಟ್ಟು ಕಟ್ಟುತ್ತಿದ್ದಳು. ಪಕ್ಕದ ಮನೆಯ ಹುಡುಗಿ ಹೊಸ ಲಂಗ ಉಟ್ಟು ಎಳ್ಳು ಬೀರಲು ಬಂದಳು. "ಆಂಟಿ, ನಿಮ್ಮ ವಿಡಿಯೊ ನೋಡಿಯೇ ಅಮ್ಮ ಮಾಡಿದ್ದು." ತಿರುಗಿ ಕೊಡಲು ನಮ್ಮಲ್ಲಿ ಒಂದು ಕಾಳು ಎಳ್ಳೂ ಇರಲಿಲ್ಲ, ಕ್ರಿಸ್‌ಮಸ್ಸಿಗೆ ಮೊದಲೇ ತಿಂದು ಮುಗಿಸಿದ್ದೆವು. ಅವಳ ತಟ್ಟೆಗೆ ಎರಡು ತಂಬಿಟ್ಟು ಬಿದ್ದವು.

"ಇವತ್ತು ಶಿವರಾತ್ರಿಯಾ ಆಂಟಿ?"

"ಯಾರಿಗೂ ಹೇಳಬೇಡ ಪುಟ್ಟಿ," ಎಂದಳು ನನ್ನ ಹೆಂಡತಿ, "ವಿಡಿಯೊ ಇನ್ನೂ ಹಾಕಿಲ್ಲ."